ಬಿಟ್ಟುಹೋದ ಪೆಟ್ಟು

ನವೆಂಬರ್ ಏಳು, ಶನಿವಾರ. ಆ ಸಂಜೆ ಕೊಳದೊಳಗೆ ಇನ್ನೂರ ಹನ್ನೆರಡು ಜನರಿದ್ದರು. ಕೊಳವೆಂದರೆ ನೀರಿಲ್ಲದ ಕೊಳ. ಒಂದು ಕಾಲಕ್ಕೆ ಊರಿನವರು ಈಜಲು ಬರುತ್ತಿದ್ದ ಕಟ್ಟಡವದು. ನೀರನ್ನು ಬಸಿದು, ಆಳದ ತುದಿಯಲ್ಲಿ ಹಲಗೆಯ ವೇದಿಕೆ ಕಟ್ಟಿ, ಈಗ ಅದನ್ನು ಸಂಗೀತಕ್ಕೆ ಬಾಡಿಗೆ ಕೊಡುತ್ತಾರೆ. ಕೇಳುವವರು ಕೊಳದ ಇಳಿಜಾರಿನಲ್ಲಿ ನಿಲ್ಲಬೇಕು. ಆಳವನ್ನು ತಿಳಿಸುವ ನೀಲಿ ಅಂಕಿಗಳು ಬಿಳಿಯ ಟೈಲುಗಳ ಮೇಲೆ ಇನ್ನೂ ಅಳಿಯದೆ ಉಳಿದಿವೆ. ಅರವತ್ತು ದಾಟಿದವರು ಅಲ್ಲಿ ಇಬ್ಬರೇ: ನಾನು, ಮತ್ತು ನನ್ನ ತಮ್ಮ.

ತಮ್ಮನಿಗೆ ಅರವತ್ತಾರು. ಬೇಕರಿ ಇಟ್ಟುಕೊಂಡಿದ್ದಾನೆ. ತಲೆಯಲ್ಲಿ ಒಂದು ಕೂದಲಿಲ್ಲದಿದ್ದರೂ ಮನೆಯಲ್ಲಿ ಅವನನ್ನು ಈಗಲೂ ಮರಿ ಎಂದೇ ಕರೆಯುತ್ತೇವೆ.

"ಒಂದೂವರೆ ಮೀಟರ್ ಅಂತ ಬರ್ದಿದೆ ಅಣ್ಣ. ನಂಗೆ ಈಜು ಬರಲ್ಲ," ಎಂದ ಮರಿ.

"ನೀರಿಲ್ಲ."

"ಇದ್ದಿದ್ರೆ?"

"ಇದ್ದಿದ್ರೆ ನಿನ್ನ ಕರ್ಕೊಂಡು ಬರ್ತಿರ್ಲಿಲ್ಲ."

ಅವನ ಮಗಳು ಹಿಂದಿನಿಂದ ನಮ್ಮಿಬ್ಬರ ನಡುವೆ ತಲೆ ತೂರಿಸಿದಳು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಮೂವತ್ತು ದಾಟಿದ್ದರೂ ನನಗೆ ಹುಡುಗಿಯೇ. "ದೊಡ್ಡಪ್ಪ, ಅಪ್ಪನ ಬಲಗಡೆ ನಿಲ್ಬೇಡಿ. ಆ ಕಿವಿಗೆ ದಾರಿ ಬಿಡಿ," ಎಂದಳು. ನಾನು ಅವನ ಎಡಕ್ಕೆ ಸರಿದೆ.

ಆ ಕಿವಿಯ ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಮರಿಯ ಎಡಗಿವಿ ಬಾಲ್ಯದಲ್ಲಿ ಮಂಗನಬಾವು ಬಂದಾಗಲೇ ಹೋಯಿತು. ಬಲಗಿವಿಯೊಂದರಲ್ಲೇ ಅವನು ಶಾಲೆ ಕಲಿತ, ಮದುವೆಯಾದ, ವ್ಯಾಪಾರ ಮಾಡಿದ. ಈ ವರ್ಷ ಆ ಬಲಗಿವಿಯ ನರದ ಮೇಲೆ ಒಂದು ಗಡ್ಡೆ ಬೆಳೆದಿರುವುದು ತಿಳಿಯಿತು. ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ ಸುತ್ತಿಬಳಸಿ ಮಾತನಾಡುವವರಲ್ಲ. "ತೆಗೀಲೇಬೇಕು. ಪ್ರಾಣಕ್ಕೆ ಭಯ ಇಲ್ಲ. ಕೇಳ್ಸೋದು ಮಾತ್ರ ಉಳಿಯಲ್ಲ," ಎಂದರು. ನವೆಂಬರ್ ಹದಿನೆಂಟಕ್ಕೆ ದಿನ ಗೊತ್ತಾಯಿತು.

"ಒಳ್ಳೇದೇ ಆಯ್ತು ಬಿಡಿ ಡಾಕ್ಟ್ರೇ. ಬ್ರೆಡ್ಡು ಸೀದಿದೆ ಅಂತ ಗಿರಾಕಿಗಳು ಕೂಗಾಡಿದ್ರೂ ಇನ್ಮೇಲೆ ನಂಗೆ ಕೇಳ್ಸಲ್ಲ," ಎಂದ ಮರಿ. ವೈದ್ಯೆ ನಕ್ಕರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮಾತ್ರ ಅವನು ಗೋಡೆಯನ್ನು ಬಿಡದೆ ಹಿಡಿದುಕೊಂಡಿದ್ದ.

ಇನ್ನು ಹಾಡಿನ ಸಂಗತಿ. ಕೊಡೆ ರಿಪೇರಿ ಎನ್ನುವುದು ಒಂದು ರಾಕ್ ತಂಡದ ಹೆಸರು. ನಾಲ್ಕು ಜನ. ದೊಡ್ಡ ಕಂಪನಿಯ ಬೆಂಬಲವಿಲ್ಲ, ಟೀವಿಯಲ್ಲಿ ಬಂದವರಲ್ಲ. ಒಂದು ಕೊಡೆ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದರೆಂದು ಆ ಹೆಸರನ್ನೇ ಇಟ್ಟುಕೊಂಡರಂತೆ. ತಾವೇ ಧ್ವನಿಮುದ್ರಿಸಿ ತಾವೇ ಹಂಚಿದ ಮೂರು ಆಲ್ಬಮ್‌ಗಳಿವೆ. ಮೊದಲನೆಯದರ ಸಿ.ಡಿ.ಯನ್ನು ಮರಿಯ ಮಗಳು ಹನ್ನೊಂದು ವರ್ಷಗಳ ಹಿಂದೆ ಬೇಕರಿಯ ವ್ಯಾನಿನ ಪ್ಲೇಯರಿಗೆ ಹಾಕಿದಳು. ಆ ಪ್ಲೇಯರ್ ಅದನ್ನು ನುಂಗಿತು. ಏನು ಮಾಡಿದರೂ ಉಗುಳಲಿಲ್ಲ. ರೇಡಿಯೊ ಮೊದಲೇ ಕೆಟ್ಟಿತ್ತು. ಹೀಗಾಗಿ ಬೆಳಗಿನ ಬ್ರೆಡ್ಡನ್ನು ಅಂಗಡಿಯಿಂದ ಅಂಗಡಿಗೆ ಮುಟ್ಟಿಸುವಾಗ ಮರಿಗೆ ಕೇಳಲು ಲೋಕದಲ್ಲಿ ಬೇರೆ ಏನೂ ಇರಲಿಲ್ಲ. ಮೊದಲ ವಾರ ಬೈದ. ಎರಡನೇ ವಾರ ಸುಮ್ಮನಿದ್ದ. ಮೂರನೇ ವಾರ ನನ್ನ ಮನೆಯ ಮುಂದೆ ವ್ಯಾನು ನಿಲ್ಲಿಸಿ, "ಅಣ್ಣ, ಒಂದ್ಸಲ ಒಳಗೆ ಕೂತ್ಕೋ," ಎಂದ.

ನಾನು ಕೂತೆ. ಹಾಡಿನ ಗೀಳು ನನಗೆ ಎಂದೂ ಇದ್ದದ್ದಲ್ಲ. ರೈಲ್ವೆಯ ವೇಳಾಪಟ್ಟಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಎಷ್ಟು ಹೊತ್ತಿಗೆ ಯಾವ ಗಾಡಿ ಯಾವ ಹಳಿಯಲ್ಲಿರಬೇಕೆಂದು ಲೆಕ್ಕ ಹಾಕುವುದು ನಮ್ಮ ಕೆಲಸವಾಗಿತ್ತು. ಆದರೆ ಆ ಹಾಡುಗಳಲ್ಲಿ ಯಾರೂ ಯಾರನ್ನೂ ಮೆಚ್ಚಿಸಲು ಹೊರಟಿರಲಿಲ್ಲ. ಬಾಡಿಗೆ ಕೋಣೆ, ಕೆಟ್ಟ ನಲ್ಲಿ, ಒಣಗದ ಬಟ್ಟೆ, ತಡವಾಗಿ ಮನೆಗೆ ಬರುವ ತಾಯಿ. ಇವೇ ಅವರ ವಸ್ತುಗಳು. ಅವನ್ನು ಹಾಡುವ ದನಿ ಒಡೆದ ದನಿ. ಅದರ ಕೆಳಗೆ ಡ್ರಮ್ಮು, ಬೀಳುವವನನ್ನು ತೋಳು ಹಿಡಿದು ನಡೆಸುವಂತೆ, ನೆಟ್ಟಗೆ ನಡೆಯುತ್ತಿತ್ತು. ವ್ಯಾನಿನಿಂದ ಇಳಿಯಲು ನನಗೆ ಮನಸ್ಸಾಗಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ, ಬೇಕರಿಯ ಬಾಗಿಲೆಳೆದ ಮೇಲೆ, ಆರುತ್ತಿರುವ ಒಲೆಯ ಪಕ್ಕದಲ್ಲಿ, ಮಗಳು ತಂದುಕೊಟ್ಟ ಬೇರೆ ಸಿ.ಡಿ.ಗಳನ್ನು ಹಾಕಿ, ನಾವಿಬ್ಬರೂ ಕೊಡೆ ರಿಪೇರಿಯನ್ನು ಕೇಳುತ್ತಿದ್ದೆವು. ಮರಿ ಮಾರನೆಯ ದಿನದ ಹಿಟ್ಟನ್ನು ನಾದುತ್ತಿದ್ದ. ನಾನು ಜಗಳವಾಡುತ್ತಿದ್ದೆ.

ಜಗಳವೆಲ್ಲ 'ಮೂರನೇ ಮಹಡಿ' ಎಂಬ ಹಾಡಿನ ಬಗ್ಗೆ. ದೀಪವಿಲ್ಲದ ಕಟ್ಟಡದಲ್ಲಿ ಒಬ್ಬ ತನ್ನ ಅಮ್ಮನಿಗೆ ಹಾಲು ತೆಗೆದುಕೊಂಡು ಕತ್ತಲಲ್ಲಿ ಮೆಟ್ಟಿಲು ಹತ್ತುವ ಹಾಡು ಅದು. ಉದ್ದಕ್ಕೂ ನಾಲ್ಕು ನಾಲ್ಕು ಪೆಟ್ಟಿನ ಲೆಕ್ಕದಲ್ಲಿ ಸಾಗುತ್ತದೆ. 'ಇನ್ನೊಂದಿದೆ ಎಂದು ಕಾಲೆತ್ತಿದೆ' ಎಂಬ ಸಾಲು ಬಂದಾಗ ಮಾತ್ರ, ಅದೊಂದೇ ಕಡೆ, ಮೂರು ಪೆಟ್ಟು. ನಾಲ್ಕನೆಯದು ಇಲ್ಲ. ಮುಂದಿನ ಸಾಲು ಅದರ ಜಾಗಕ್ಕೆ ಧುಮುಕಿಬಿಡುತ್ತದೆ. ಕೇಳುವವನ ಎದೆ ಒಮ್ಮೆ ಧಸಕ್ಕೆನ್ನುತ್ತದೆ.

"ಕತ್ಲಲ್ಲಿ ಮೆಟ್ಲು ಹತ್ತೋವಾಗ ಕೊನೇಲಿ ಇನ್ನೂ ಒಂದಿದೆ ಅನ್ಸುತ್ತಲ್ಲ, ಕಾಲು ಸುಮ್ನೆ ಗಾಳೀಲಿ ಹೋಗುತ್ತಲ್ಲ, ಅದೇ ಇದು. ಬೇಕಂತ್ಲೇ ಮಾಡಿದಾರೆ," ಎನ್ನುತ್ತಿದ್ದ ಮರಿ.

"ತಪ್ಪು ಮಾಡಿದಾರೆ. ನೀನು ಅದಕ್ಕೆ ಅರ್ಥ ಹಚ್ತಿದೀಯ."

"ನಿನ್ನ ರೈಲು ತಡ ಆದ್ರೆ ನೂರು ಕಾರಣ ಕೊಡ್ತೀಯ. ಪಾಪ, ಒಂದು ಹಾಡಿಗೆ ಒಂದು ಕಾರಣ ಇರ್ಬಾರ್ದಾ?"

"ರೈಲು ಒಂದು ಕಡೆ ಕಳ್ಕೊಂಡ ನಿಮಿಷಾನ ಇನ್ನೊಂದು ಕಡೆ ತುಂಬಿಕೊಡುತ್ತೆ. ಇವರು ಎಲ್ಲೂ ತುಂಬಿಕೊಟ್ಟಿಲ್ಲ. ನಾನು ಕೊನೇ ತನಕ ಎಣಿಸಿದೀನಿ."

"ಎಣಿಸ್ತಾ ಕೂತ್ಕೋ. ನಾನು ಹಾಡು ಕೇಳ್ತೀನಿ."

ಹನ್ನೊಂದು ವರ್ಷ ಇದೇ ಮಾತು, ಇದೇ ಒಲೆ, ಇದೇ ಹಿಟ್ಟು. ಆ ಸಾಲು ಬಂದಾಗ ಮರಿ ಹಿಟ್ಟಿನ ಉಂಡೆಯನ್ನು ಮೇಜಿಗೆ ಬಡಿಯುತ್ತಿದ್ದ ಕೈಯನ್ನು ಒಂದು ಕ್ಷಣ ಮೇಲೆಯೇ ಹಿಡಿಯುತ್ತಿದ್ದ. ಅವನಿಗೆ ಅದು ಮೈಗೂಡಿಹೋಗಿತ್ತು.

ಕೊಡೆ ರಿಪೇರಿ ನಮ್ಮ ಊರಿಗೆ ಮೊದಲ ಬಾರಿಗೆ ಬರುತ್ತಿದೆ ಎಂಬ ಸುದ್ದಿಯನ್ನು ಮಗಳು ತಂದಳು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಬರುತ್ತಿದ್ದಾರೆ ಎಂದು ತಿಳಿದಾಗ ಮರಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತ. "ಮೂರನೇ ಮಹಡಿ ಒಂದು ಎದುರಿಗೆ ಕೂತು ಕೇಳ್ಬಿಟ್ರೆ ಸಾಕು ಕಣೇ. ಆಮೇಲೆ ಕಿವಿ ಕೊಟ್ಬಿಡ್ತೀನಿ, ಕೊಡಲ್ಲ ಅನ್ನಲ್ಲ," ಎಂದ.

ಮಗಳ ಮುಖ ಬಾಡಿತು. "ಅಪ್ಪ, ಅದೊಂದು ಹಾಡು ಅವರು ಸ್ಟೇಜ್ ಮೇಲೆ ಬಾರಿಸಲ್ಲ. ಯಾವತ್ತೂ ಬಾರಿಸಿಲ್ಲ. ಯಾಕೆ ಅಂತ ಯಾರ್ಗೂ ಗೊತ್ತಿಲ್ಲ."

ಮರಿ ಕೆಳಗಿಟ್ಟಿದ್ದ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡ. "ಆಯ್ತು ಬಿಡು. ಸಿಕ್ಕಿದ್ದು ಕೇಳೋಣ," ಎಂದು ಎದ್ದ.

ಆ ಶನಿವಾರ ಮಧ್ಯಾಹ್ನ, ನಿಲ್ಲುವ ಜಾಗ ನೋಡಿಬರುತ್ತೇನೆಂದು ಹೇಳಿ ನಾನೊಬ್ಬನೇ ಕೊಳಕ್ಕೆ ಹೋದೆ. ಬಾಗಿಲಲ್ಲಿ ತಡೆಯುವವರು ಇರಲಿಲ್ಲ. ಒಳಗೆ ಇಬ್ಬರು ಗೋಡೆಗಳಿಗೆ ದಪ್ಪ ಕಂಬಳಿಗಳನ್ನು ತೂಗುಹಾಕುತ್ತಿದ್ದರು. ಇಲ್ಲದಿದ್ದರೆ ಟೈಲುಗಳಿಗೆ ಶಬ್ದ ಬಡಿದು ಗೊಂದಲವಾಗುತ್ತದಂತೆ. ಕೊಳದ ಅಂಚಿನಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕಾಲು ಇಳಿಬಿಟ್ಟು ಕೂತು, ಡ್ರಮ್ಮಿನ ಕೋಲುಗಳಿಗೆ ಪಟ್ಟಿ ಸುತ್ತುತ್ತಿದ್ದಳು. ಆಲ್ಬಮ್ಮಿನ ಮೇಲಿನ ಚಿತ್ರದಿಂದ ಗುರುತು ಸಿಕ್ಕಿತು.

ನಾನು ನಿಂತೆ. ಕೇಳಿಕೊಳ್ಳುವುದು ಹೇಗೆಂದು ಯೋಚಿಸಿಟ್ಟುಕೊಂಡು ಬಂದಿದ್ದ ವಾಕ್ಯಗಳು ಯಾವುವೂ ನೆನಪಾಗಲಿಲ್ಲ.

"ಬಾಡಿಗೆ ವಸೂಲಿಗೆ ಬಂದ್ರಾ ಸರ್?" ಎಂದು ಅವಳೇ ಕೇಳಿದಳು.

"ಅಲ್ಲ. ಹಾಡು ಕೇಳೋಕೆ ಬಂದಿದೀನಿ."

"ಐದೂವರೆಗೆ ಶುರು. ಈಗ ಎರಡು ಗಂಟೆ."

"ಗೊತ್ತು. ನೋಡಮ್ಮ, ಇವತ್ತು ಮೂರನೇ ಮಹಡಿ ಬಾರಿಸ್ಬೇಕು."

ಅವಳು ಪಟ್ಟಿಯನ್ನು ಹಲ್ಲಿನಿಂದ ಕತ್ತರಿಸಿ, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಎಲ್ಲಾ ಊರಲ್ಲೂ ಕೇಳ್ತಾರೆ. ಆದ್ರೆ ಇಷ್ಟು ಇಸ್ತ್ರಿ ಹಾಕಿದ ಶರ್ಟಿನವರು ಕೇಳಿದ್ದು ಇದೇ ಮೊದಲು. ಬಾರಿಸಲ್ಲ ಸರ್. ಬಾರಿಸೋಕೆ ಬರಲ್ಲ ನಮಗೆ."

"ನೀವೇ ಬಾರಿಸಿದ ಹಾಡು."

"ಒಂದೇ ಸಲ ಬಾರಿಸಿದ್ದು. ಎರಡನೇ ಚರಣದಲ್ಲಿ ಒಂದು ಪೆಟ್ಟು ಬಿಟ್ಟುಹೋಗಿದೆ. ಗಮನಿಸಿದೀರಾ?"

ಗಮನಿಸಿದ್ದೇನೆ ಎಂದೆ.

"ನಾನು ಬಿಟ್ಟಿದ್ದು. ರೆಕಾರ್ಡ್ ಆಗ್ತಾ ಇರೋವಾಗ ಅಂಗಡೀಲಿದ್ದ ನಮ್ಮ ಸೋದರಮಾವ ಬಾಗ್ಲು ಬಡಿದ್ರು, ಗಲಾಟೆ ಮಾಡ್ಬೇಡಿ ಅಂತ. ಬೆಚ್ಚಿಬಿದ್ದು ಒಂದು ಪೆಟ್ಟು ನುಂಗ್ಬಿಟ್ಟೆ. ಉಳಿದ ಮೂರು ಜನ ನನ್ನ ಜೊತೇಲೇ ಹಾರಿದ್ರು. ಹೇಗೆ ಹಾರಿದ್ರು ಅಂತ ಇವತ್ತಿಗೂ ಅವರಿಗೆ ಗೊತ್ತಿಲ್ಲ. ಆಮೇಲೆ ಎಷ್ಟು ಸಲ ಪ್ರಯತ್ನಪಟ್ರೂ ಆಗ್ಲಿಲ್ಲ. ಒಬ್ಬ ಮುಂಚೆ ಹಾರ್ತಾನೆ, ಒಬ್ಬ ನಿಂತೇಬಿಡ್ತಾನೆ. ಬೇಕಂತ ಎಡವೋಕಾಗಲ್ಲ ಸರ್."

ಹನ್ನೊಂದು ವರ್ಷಗಳ ವಾದವನ್ನು ನಾನು ಗೆದ್ದಿದ್ದೆ. ಅದರಿಂದ ಏನೂ ಪ್ರಯೋಜನವಿರಲಿಲ್ಲ.

"ಹಾಗಾದ್ರೆ ನಾಲ್ಕು ಪೆಟ್ಟು ಪೂರ್ತಿ ಹಾಕಿ ಬಾರಿಸಿ," ಎಂದೆ.

"ಬಾರಿಸ್ಬಹುದು. ಅದು ಬೇರೆ ಹಾಡಾಗುತ್ತೆ. ನಿಮಗೆ ಅದು ಬೇಕಾ?"

ಮರಿಯ ಕೈ ಮೇಜಿನ ಮೇಲೆ ಗಾಳಿಯಲ್ಲಿ ನಿಲ್ಲುವುದು ನನ್ನ ಕಣ್ಣಿಗೆ ಬಂತು. ಬೇಡ ಎಂದೆ. ಬಳಿಕ ಹೇಳಬೇಕಾದ್ದನ್ನು ಹೇಳಿದೆ: ಕೇಳುವವನು ನಾನಲ್ಲ, ನನ್ನ ತಮ್ಮ, ಒಂದು ಕಿವಿ ಹೋಗಿ ಅರವತ್ತು ವರ್ಷವಾಯಿತು, ಇನ್ನೊಂದು ಬರುವ ಹದಿನೆಂಟಕ್ಕೆ ಹೋಗುತ್ತದೆ.

ಅವಳು ಪಟ್ಟಿ ಸುತ್ತಿದ ಕೋಲುಗಳನ್ನು ಪಕ್ಕಕ್ಕಿಟ್ಟಳು. ಕೆಳಗೆ ಯಾರೋ ಮೈಕಿನಲ್ಲಿ ಒಂದು, ಎರಡು, ಒಂದು, ಎರಡು ಎನ್ನುತ್ತಿದ್ದರು.

"ಸುಳ್ಳು ಭರವಸೆ ಕೊಡಲ್ಲ ಸರ್," ಎಂದಳು ಕೊನೆಗೆ. "ಬಾರಿಸ್ತೀನಿ ಅಂತ ನಾನು ಹೇಳಿಲ್ಲ. ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ. ನಾನು ಬಂದಿದ್ದೆ ಅಂತ ಅವನಿಗೆ ತಿಳೀಬಾರದು."

ಅಷ್ಟಕ್ಕೆ ನಾನು ಹೊರಬಂದೆ. ಮನೆಗೆ ಬಂದು, ಜಾಗ ಚೆನ್ನಾಗಿದೆ ಎಂದಷ್ಟೇ ಹೇಳಿದೆ.

ಐದೂವರೆಗೆ ದೀಪಗಳು ಆರಿದವು. ನಾಲ್ವರು ವೇದಿಕೆಗೆ ಬಂದು ನಿಂತರು. ನೋಡಲು ಯಾವುದೋ ಕಚೇರಿಯ ಸಾಲಿನಲ್ಲಿ ನಿಂತವರಂತಿದ್ದರು. ಹಾಡುವವನು ಗಿಟಾರಿನ ಕಿವಿ ತಿರುಗಿಸಿದ. ಬೇಸ್ ಗಿಟಾರಿನವನು ಚಪ್ಪಲಿ ಕಳಚಿಟ್ಟ. ಕೀಬೋರ್ಡಿನವಳು ಕೂದಲನ್ನು ಬಿಗಿದು ಕಟ್ಟಿಕೊಂಡಳು. ಡ್ರಮ್ಮಿನವಳು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, ಕೋಲಿಗೆ ಕೋಲು ತಾಗಿಸಿ ನಾಲ್ಕು ಎಣಿಸಿದಳು.

ಮೊದಲ ಪೆಟ್ಟು ಕಿವಿಗಲ್ಲ, ಅಂಗಾಲಿಗೆ ಬಂತು. ಟೈಲುಗಳು ಅದನ್ನು ಹಿಡಿದು ಮೊಣಕಾಲಿಗೆ, ಹೊಟ್ಟೆಗೆ, ಎದೆಗೂಡಿಗೆ ಏರಿಸಿದವು. ಹನ್ನೊಂದು ವರ್ಷ ನಾನು ಕೇಳಿದ್ದು ಒಂದು ಪೆಟ್ಟಿಗೆಯೊಳಗಿನ ಹಾಡು. ಹಸಿದವನು ಊಟದ ಚಿತ್ರ ನೋಡಿದಂತೆ. ಈಗ ಆ ಹಾಡುಗಳಿಗೆ ಮೈ ಇತ್ತು. ಹಾಡುವವನು ಸಾಲಿಗೆ ಮುಂಚೆ ಎಳೆದುಕೊಳ್ಳುವ ಉಸಿರು ನನಗೆ ಕೇಳಿಸಿತು. ಎರಡನೇ ಆಲ್ಬಮ್ಮಿನಲ್ಲಿ ನಾನು ಪಿಟೀಲು ಎಂದುಕೊಂಡಿದ್ದ ಸದ್ದು ಪಿಟೀಲಾಗಿರಲಿಲ್ಲ: ಅವನು ಜೇಬಿನಿಂದ ಒಂದು ಕೊಡೆಯ ಕಡ್ಡಿಯನ್ನು ತೆಗೆದು ಗಿಟಾರಿನ ತಂತಿಗಳ ಮೇಲೆ ಎಳೆಯುತ್ತಿದ್ದ, ಅಷ್ಟೇ. ಒಂದು ತುಕ್ಕು ಹಿಡಿದ ಕಡ್ಡಿ. ಅದರಿಂದ, ಯಾರೋ ದೂರದಲ್ಲಿ ನಮ್ಮನ್ನು ಬಲ್ಲವರು ಅಳುತ್ತಿರುವಂಥ ದನಿ ಹೊರಟಿತು. ನನ್ನ ತೋಳಿನ ರೋಮಗಳು ನಿಮಿರಿ ನಿಂತವು. ನಾನು ತೋಳನ್ನು ಮುಚ್ಚಿಕೊಂಡೆ.

ಇನ್ನೂ ಒಂದನ್ನು ನಾನು ಊಹಿಸಿರಲಿಲ್ಲ. ಸುತ್ತಲಿನ ಎಲ್ಲರಿಗೂ ಆ ಹಾಡುಗಳು ಬರುತ್ತಿದ್ದವು. ಒಣಗದ ಬಟ್ಟೆಯ ಹಾಡನ್ನು ನನ್ನ ಮುಂದೆ ನಿಂತಿದ್ದ ಆಸ್ಪತ್ರೆಯ ಸಮವಸ್ತ್ರದ ಹೆಂಗಸೊಬ್ಬಳು ಒಂದಕ್ಷರ ತಪ್ಪದೆ ಹಾಡುತ್ತಿದ್ದಳು. ಆಚೆ ಕಡೆ, ಕೈಯ ಗ್ರೀಸು ಪೂರ್ತಿ ಹೋಗದ ಮೆಕ್ಯಾನಿಕ್ ಒಬ್ಬ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ. ಈ ಹಾಡುಗಳು ಆರುತ್ತಿರುವ ಒಲೆಯ ಪಕ್ಕದ ಇಬ್ಬರು ಮುದುಕರ ಸ್ವಂತ ಆಸ್ತಿಯೆಂದು ನಾನು ಎಣಿಸಿದ್ದೆ. ಇಷ್ಟೂ ಜನ ಇಷ್ಟು ವರ್ಷ ತಂತಮ್ಮ ಕೋಣೆಗಳಲ್ಲಿ ಇದನ್ನೇ ಕೇಳುತ್ತಿದ್ದರು, ಒಬ್ಬರ ವಿಷಯ ಒಬ್ಬರಿಗೆ ಗೊತ್ತಿಲ್ಲದೆ.

ಮರಿ ಬಲಗಿವಿಯನ್ನು ವೇದಿಕೆಗೆ ಕೊಟ್ಟು ಓರೆಯಾಗಿ ನಿಂತಿದ್ದ. ಅಂಗೈಯನ್ನು ಪಕ್ಕದ ಗೋಡೆಗೆ ಒತ್ತಿ ಹಿಡಿದಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಅವನು ಐದು ವರ್ಷದವನಾಗಿದ್ದಾಗ ಮೊದಲ ಬಾರಿ ರೈಲಿನ ಎಂಜಿನ್ ನೋಡಿ ಹೀಗೆಯೇ ನಿಂತಿದ್ದ. ನಾನು ಕೈ ಹಿಡಿದುಕೊಂಡಿದ್ದೆ.

"ಅಪ್ಪ, ನೀರು ಬೇಕಾ?" ಎಂದು ಮಗಳು ಕೂಗಿದಳು.

"ಸುಮ್ನಿರೇ! ಕಿವಿ ಖಾಲಿ ಇಲ್ಲ," ಎಂದ ಮರಿ.

ಕೊನೆಯ ಹಾಡು ಮುಗಿಯಿತು. ಜನ ಕೂಗಿದರು. ನಾಲ್ವರೂ ಕೈ ಮುಗಿದರು. ಮೂರನೇ ಮಹಡಿ ಬಂದಿರಲಿಲ್ಲ. ಮರಿ ಗೋಡೆಯಿಂದ ಕೈ ತೆಗೆದು, ಮಗಳ ಕಡೆಗೆ ತಿರುಗಿ, "ಚೆನ್ನಾಗಿತ್ತು ಕಣೇ," ಎಂದ. ದನಿಯಲ್ಲಿ ದೂರಿರಲಿಲ್ಲ. ನನಗೆ ಅವನ ಮುಖ ನೋಡಲಾಗಲಿಲ್ಲ. ಗೋಡೆಯ ಅಂಕಿಯನ್ನು ನೋಡಿದೆ.

ಆಗ ವೇದಿಕೆಯ ಮೇಲೆ ಏನೋ ನಡೆಯತೊಡಗಿತು. ಡ್ರಮ್ಮಿನವಳು ಹಾಡುವವನ ಬಳಿ ಹೋಗಿ ಏನೋ ಹೇಳಿದಳು. ಅವನು ತಲೆಯಾಡಿಸಿದ: ಆಗದು. ಅವಳು ಮತ್ತೆ ಹೇಳಿದಳು. ಚಪ್ಪಲಿಗೆ ಕಾಲು ತೂರಿಸುತ್ತಿದ್ದ ಬೇಸ್ ಗಿಟಾರಿನವನು ತಿರುಗಿ ಬಂದ. ಅವಳು ಮೈಕಿನ ಮುಂದೆ ನಿಂತಳು.

"ಒಂದು ಹಾಡು ಬಾಕಿ ಇದೆ. ನೀವೆಲ್ಲ ಕೇಳ್ತೀರಿ, ನಾವು ಬಾರಿಸಲ್ಲ. ಯಾಕಂದ್ರೆ ಅದರಲ್ಲಿ ಒಂದು ತಪ್ಪಿದೆ, ಅದು ನಂದು, ಅದನ್ನ ಮತ್ತೆ ಮಾಡೋಕೆ ನಮಗೆ ಇವತ್ತಿನ ತನಕ ಆಗಿಲ್ಲ. ಇವತ್ತು ಪ್ರಯತ್ನ ಮಾಡ್ತೀವಿ. ಬಿದ್ರೆ ನಗ್ಬೇಡಿ."

"ನಗ್ತೀವಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಕೊಳವೆಲ್ಲ ನಕ್ಕಿತು.

ಮರಿ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದ. "ತಪ್ಪಂತೆ ಅಣ್ಣ. ಗೆದ್ದೆ ನೀನು," ಎಂದ. ಅವನ ಕಣ್ಣುಗಳು ಹೊಳೆಯುತ್ತಿದ್ದವು.

ಅವರು ಶುರು ಮಾಡಿದರು. ಮೊದಲ ಚರಣ ನೆಟ್ಟಗೆ ಹೋಯಿತು. ಎರಡನೆಯದರಲ್ಲಿ 'ಕಾಲೆತ್ತಿದೆ' ಎಂದಾಗ ಡ್ರಮ್ಮಿನವಳು ಹಾರಿದಳು. ಬೇಸ್ ಗಿಟಾರಿನವನು ಹಾರಲಿಲ್ಲ. ಹಾಡು ಗಾಲಿ ಕಳಚಿದ ಗಾಡಿಯಂತೆ ಪಕ್ಕಕ್ಕೆ ವಾಲಿ ನಿಂತಿತು. ನಗುತ್ತೇವೆ ಎಂದವರೂ ನಗಲಿಲ್ಲ. ಮತ್ತೆ ಮೊದಲಿನಿಂದ. ಈ ಸಲ ಬೇಸ್ ಗಿಟಾರಿನವನು ಹೆದರಿ ಮುಂಚೆಯೇ ಹಾರಿದ. ಹಾಡುವವನು ಗಿಟಾರಿನ ಮೇಲೆ ಅಂಗೈ ಇಟ್ಟು ಸದ್ದಡಗಿಸಿದ. ಡ್ರಮ್ಮಿನವಳು ಎರಡೂ ಕೋಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕ್ಷಮಿಸಿ," ಎಂದಳು. ಮೈಕಿಲ್ಲದೆಯೂ ಅದು ಎಲ್ಲರಿಗೂ ಕೇಳಿಸಿತು, ಕೊಳ ಅಷ್ಟು ನಿಶ್ಶಬ್ದವಾಗಿತ್ತು.

ಆ ನಿಶ್ಶಬ್ದದಲ್ಲಿ ನನ್ನ ಪಕ್ಕದಿಂದ ಚಪ್ಪಾಳೆ ಶುರುವಾಯಿತು. ಮೆಚ್ಚುಗೆಯ ಚಪ್ಪಾಳೆಯಲ್ಲ. ಒಂದು, ಎರಡು, ಮೂರು, ನಾಲ್ಕು. ಮರಿ ಕಣ್ಣು ಮುಚ್ಚಿಕೊಂಡು, ಹಿಟ್ಟು ಬಡಿಯುವ ಆ ದೊಡ್ಡ ಕೈಗಳಿಂದ, ಅವಸರವಿಲ್ಲದೆ, ಭಾನುವಾರದ ಗತಿಯಲ್ಲಿ ತಟ್ಟುತ್ತಿದ್ದ. ಮಗಳು ನಾಚಿಕೊಂಡು ಅವನ ತೋಳಿಗೆ ಕೈ ಹಾಕಲು ಹೋದಳು. ನಾನು ಅವಳ ಕೈ ಹಿಡಿದು ತಡೆದೆ. ಮುಂದಿದ್ದ ಸಮವಸ್ತ್ರದ ಹೆಂಗಸು ತಿರುಗಿ ನೋಡಿ, ತಾನೂ ತಟ್ಟಿದಳು. ಆಮೇಲೆ ಮೆಕ್ಯಾನಿಕ್. ಆಮೇಲೆ ಇಳಿಜಾರಿನ ಉದ್ದಕ್ಕೂ, ಸಾಲಿನಿಂದ ಸಾಲಿಗೆ, ಎಲ್ಲರೂ.

ಹಾಡುವವನು ಗಿಟಾರನ್ನು ಬೆನ್ನಿಗೆ ತಳ್ಳಿ, ಬರಿಗೈಯಲ್ಲಿ ಹಾಡತೊಡಗಿದ. ಡ್ರಮ್ಮಿನವಳು ಕೋಲು ಮುಟ್ಟಲಿಲ್ಲ. ಕತ್ತೆತ್ತಿ ನಮ್ಮ ಕೈಗಳನ್ನೇ ನೋಡುತ್ತಿದ್ದಳು. ಮೊದಲ ಚರಣ ಹೋಯಿತು. ಎರಡನೆಯದು ಬಂತು. ದೀಪವಿಲ್ಲ, ಹಾಲು ಆರುತ್ತಿದೆ, ಇನ್ನೊಂದಿದೆ ಎಂದು ಕಾಲೆತ್ತಿದೆ.

ಅಲ್ಲಿ ನಾಲ್ಕನೆಯ ಚಪ್ಪಾಳೆ ಬೀಳಲಿಲ್ಲ. ಒಂದೇ ಒಂದೂ ಬೀಳಲಿಲ್ಲ. ಇನ್ನೂರ ಹನ್ನೆರಡು ಜನರಲ್ಲಿ ಒಬ್ಬರ ಕೈಯೂ ತಪ್ಪಲಿಲ್ಲ. ಎಲ್ಲರೂ ಆ ಇಲ್ಲದ ಮೆಟ್ಟಿಲಿನ ಮೇಲಿನಿಂದ ಒಟ್ಟಿಗೆ ಹಾರಿ, ಮುಂದಿನ ಸಾಲಿನ ಮೇಲೆ ಒಟ್ಟಿಗೆ ಇಳಿದರು. ಸರಿಯಾಗಿ ಅಲ್ಲಿಯೇ ಡ್ರಮ್ಮು, ಬೇಸ್, ಕೀಬೋರ್ಡು, ಮೂರೂ ಕೂಡಿ ಬಿದ್ದವು. ಕೊಳದ ತಳ ಅದುರಿತು. ಕಂಬಳಿಗಳು ಗೋಡೆಯಿಂದ ಸರಿದು ಮತ್ತೆ ಅಂಟಿಕೊಂಡವು.

ನನ್ನ ಕೈಗಳನ್ನು ನೋಡಿಕೊಂಡೆ. ನಾನೂ ತಟ್ಟುತ್ತಿದ್ದೆನೆಂಬುದು ಆಗ ತಿಳಿಯಿತು. ಅವೂ ಹಾರಿದ್ದವು. ಎಣಿಸು ಎಂದು ನಾನು ಅವಕ್ಕೆ ಹೇಳಿರಲಿಲ್ಲ, ಎಣಿಸಬೇಡ ಎಂದೂ ಹೇಳಿರಲಿಲ್ಲ. ಆ ಕ್ಷಣ ನನ್ನ ಬುದ್ಧಿ ಯಾವ ಲೆಕ್ಕವನ್ನೂ ಮಾಡುತ್ತಿರಲಿಲ್ಲ. ಒಬ್ಬಳು ಬೆಚ್ಚಿಬಿದ್ದು ನುಂಗಿದ ಒಂದು ಪೆಟ್ಟು ಅಷ್ಟೂ ಜನರ ಮೈಯಲ್ಲಿ ಹನ್ನೊಂದು ವರ್ಷ ನೆಲೆಸಿತ್ತು. ಮಾಡಿದವರಿಗೆ ಮರಳಿ ಸಿಗದಿದ್ದದ್ದು ಕೇಳಿದವರ ಬಳಿ ಕೆಡದೆ ಉಳಿದಿತ್ತು. ನಾನು ಕೆಳಗೆ ನೋಡಿದೆ, ಬಳಿಕ ಮೇಲೆ ನೋಡಿದೆ; ನೋಡಲು ಯಾವ ಕಡೆಯೂ ಸಾಲಲಿಲ್ಲ.

ಮರಿ ಕಣ್ಣು ತೆರೆದಿರಲಿಲ್ಲ. ಕೈಗಳು ನಡೆದೇ ಇದ್ದವು. ಹಾಡು ಮುಗಿದ ಮೇಲೂ ಎರಡು ಮೂರು ಸಲ ತಟ್ಟಿ, ಆಮೇಲೆ ನಿಂತವು.

"ಸಿಕ್ತಾ?" ಎಂದು ಅವನ ಬಲಗಿವಿಯ ಬಳಿ ಬಾಗಿ ಕೇಳಿದೆ.

"ಪೂರ್ತಿ," ಎಂದ.

ಹೊರಗೆ ಬೀದಿದೀಪ ಹತ್ತಿಕೊಂಡಿತ್ತು. ಮಗಳು ಕಾರು ತರಲು ಹೋದಳು. ಪಕ್ಕದ ಬಾಗಿಲಿನಲ್ಲಿ ಕೊಡೆ ರಿಪೇರಿಯವರು ಸಾಮಾನುಗಳನ್ನು ವ್ಯಾನಿಗೆ ಏರಿಸುತ್ತಿದ್ದರು. ಡ್ರಮ್ಮಿನವಳು ಒಂದು ಪೆಟ್ಟಿಗೆಯನ್ನು ಕೆಳಗಿಟ್ಟು ನಮ್ಮ ಕಡೆ ಬಂದಳು. ಮರಿಯ ಮುಂದೆ ನಿಂತು, ಅವನ ಬಲಕ್ಕೆ ಸರಿದು, ಮಾತನಾಡಿದಳು.

"ಚಪ್ಪಾಳೆ ಶುರು ಮಾಡಿದ್ದು ನೀವೇ ಅಲ್ವಾ ಅಜ್ಜಾ?"

"ಅಜ್ಜ ಅಂತೆ! ಅಜ್ಜ ಇವನು," ಎಂದು ಮರಿ ನನ್ನನ್ನು ತೋರಿಸಿದ. "ನಾನು ಮರಿ. ನೀವು ನಿಂತುಬಿಟ್ರಲ್ಲ, ಹಿಟ್ಟು ಹುದುಗು ಬರದೆ ಕೂತಂಗಾಯ್ತು ನಂಗೆ. ಸ್ವಲ್ಪ ಬಿಸಿ ಕೊಟ್ಟೆ."

ಅವಳು ನಕ್ಕಳು. "ನಾಳೆ ಇನ್ನೊಂದೂರಲ್ಲಿ ಬಾರಿಸ್ಬೇಕು. ಅಲ್ಲಿ ನೀವಿರಲ್ಲ."

"ಯಾರಾದ್ರೂ ಇರ್ತಾರೆ ತಾಯಿ. ನೀವು ಕೋಲು ಕೆಳಗಿಟ್ಟು ನೋಡಿ."

ಅವಳು ತಲೆಯಾಡಿಸಿ, ಒಂದು ಕ್ಷಣ ನನ್ನ ಕಡೆಗೆ ನೋಡಿದಳು. ಆ ನೋಟದಲ್ಲಿ ಪರಿಚಯವನ್ನು ತೋರಿಸಲಿಲ್ಲ. ಬೇರೊಬ್ಬ ಕೇಳುಗನನ್ನು ನೋಡುವಂತೆ ನೋಡಿದಳು. ಬಾರಿಸುವ ಮಾತನ್ನೂ ಗುಟ್ಟಿನ ಮಾತನ್ನೂ ಅವಳು ಕೊಟ್ಟಿರಲಿಲ್ಲ, ಎರಡನ್ನೂ ನಡೆಸಿದಳು. ನಾನು ಧನ್ಯವಾದ ಹೇಳಬೇಕಿತ್ತು. ಹೇಳಿದ್ದರೆ ಯಾತಕ್ಕೆ ಎಂದು ಮರಿ ಕೇಳುತ್ತಿದ್ದ. ಆ ಹಾಡು ತಾನಾಗಿಯೇ ಬಂತೆಂದು ಅವನು ನಂಬಿದ್ದಾನೆ. ಹಾಗೆಯೇ ನಂಬಿಕೊಂಡು ಅವನು ಹದಿನೆಂಟಕ್ಕೆ ಆಸ್ಪತ್ರೆಗೆ ಹೋಗಬೇಕಿತ್ತು.

"ಇವನು ನಮ್ಮಣ್ಣ," ಎಂದ ಮರಿ ಅವಳಿಗೆ. "ಮಾತು ಕಮ್ಮಿ. ಆದ್ರೆ ಇವತ್ತು ಚಪ್ಪಾಳೆ ತಟ್ಟಿದಾನೆ, ನಾನು ನೋಡಿದೀನಿ."

"ನೀನು ಕಣ್ಣು ಮುಚ್ಕೊಂಡಿದ್ದೆ," ಎಂದೆ.

"ಕೇಳಿಸ್ತು."

ವ್ಯಾನಿನಿಂದ ಯಾರೋ ಅವಳನ್ನು ಕರೆದರು. ಅವಳು ಕೈಯೆತ್ತಿ ಹೊರಟಳು. ನಾನೂ ಕೈಯೆತ್ತಿದೆ, ಅಷ್ಟೇ. ಬಾಗಿಲು ಮುಚ್ಚಿಕೊಂಡು ವ್ಯಾನು ತಿರುವಿನಲ್ಲಿ ಮರೆಯಾಯಿತು. ಹೇಳಬೇಕಾದ ಆ ಒಂದು ಮಾತು ನನ್ನಲ್ಲಿಯೇ ಉಳಿದಿದೆ. ಅವಳಿಗೆ ಸಲ್ಲಬೇಕಾದದ್ದು ಇನ್ನೂ ಸಂದಿಲ್ಲ.